ಸಹಾಯ ಬೇಕು: ಲಿಥುವೇನಿಯಾದ ಹಾಸ್ಯಗೀತೆಗಳ ‘ಹೊರಗಿನವರು’

ಲಿಥುವೇನಿಯಾದ ಜಾನಪದ ಹಾಸ್ಯಗೀತೆಗಳ ಕುರಿತು ಲೇಖನ ಬರೆಯುತ್ತಿದ್ದು, ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಮದುವೆಯ ಹಾಡುಗಳಲ್ಲಿ ಹೆಣ್ಣಿನ ಕಡೆಯವರು ವರನ ದಿಬ್ಬಣವನ್ನೂ, ಸುಳ್ಳು ಹೇಳಿ ಸಂಬಂಧ ಕುದುರಿಸಿದನೆಂದು ಮದುವೆ ದಲ್ಲಾಳಿಯನ್ನೂ ಹೀಯಾಳಿಸುತ್ತಾರೆ. ಇವನ್ನು ನಮ್ಮ ಬೀಗರ ಹಾಡಿನ ಧಾಟಿಯಲ್ಲಿ ಅನುವಾದಿಸಿದಾಗ ಸಲೀಸಾಗಿ ಕೂತವು. ಆದರೆ ಚಳಿಗಾಲವನ್ನು ಓಡಿಸುವ ಉಝ್‌ಗವೇನೆಸ್ ಹಬ್ಬದಲ್ಲಿ ಯಹೂದಿಗಳ ಹಾಗೂ ಜಿಪ್ಸಿಗಳೆಂದು ಕರೆಯಲಾಗುವ ರೋಮಾ ಜನರ ಮುಖವಾಡ ತೊಟ್ಟು, ಅವರ ಮಾತಿನ ರೀತಿಯನ್ನು ಅಣಕಿಸುತ್ತ, ಮನೆಮನೆಗೆ ಹೋಗಿ ದೋಸೆಯಂಥ ಬ್ಲಿನಾಯ್ ಬೇಡುವವರ ಹಾಡುಗಳಿಗೆ ಆ ಧಾಟಿ ಹೊಂದುತ್ತಿಲ್ಲ. ಬೀಗರು ಮರುದಿನ ನೆಂಟರಾಗುತ್ತಾರೆ. ಅಲ್ಲಿನ ಯಹೂದಿಗಳಲ್ಲಿ ಬಹುಪಾಲು ಜನರನ್ನಾದರೋ 1941–44ರ ನಾಜಿ ಆಕ್ರಮಣದ ಕಾಲದಲ್ಲಿ ಕೊಲ್ಲಲಾಯಿತು. ‘ಅನ್ಯರು’, ‘ಪರಕೀಯರು’ ಎರಡನ್ನೂ ಬರೆದು ಹೊಡೆದುಹಾಕಿದ್ದೇನೆ. ಈ ಎರಡು ಬಗೆಯ ಹಾಡುಗಳ ‘ಹೊರಗಿನವರಿಗೆ’ ಒಂದೇ ಪದ ಬಳಸಬಹುದೇ? ಬೇರೆ ಬೇರೆ ಪದಗಳೇ ಬೇಕೆಂದಾದರೆ, ಯಾವುವೆಂದು ದಯವಿಟ್ಟು ಸೂಚಿಸುವಿರಾ?