304 ಸ್ಟೇನ್‌ಲೆಸ್ ಸ್ಟೀಲ್ ಶೀಟ್: ಕಿಡಿ ಹಾರ್ತದ, ಕುಳಿ ಬೀಳ್ತದ, ಸ್ಪಾಟ್ ವೆಲ್ಡ್ ಮಾತ್ರ ಹಿಡಿಯಂಗಿಲ್ಲ

ಪ್ರಶ್ನೆ (ಕಪನೂರು, ಕಲಬುರಗಿ):
ದಾಲ್ ಮಿಲ್ ಹಾಪರ್‌ಗೆ 1 ಎಂಎಂ 304 ಶೀಟ್ ಎರಡು ಜೋಡಿಸಲತ್ತೀವಿ. ಎಂಎಸ್‌ಗೆ (ಸಾದಾ ಉಕ್ಕಿಗೆ) ಇಟ್ಟಿದ್ದ ಸೆಟ್ಟಿಂಗೇ ಅದ: ಒತ್ತೋ ಸಿಲಿಂಡರ್ 100 ಎಂಎಂ, ಗಾಳಿ 3 ಬಾರ್, ವೆಲ್ಡ್ 12 ಸೈಕಲ್ (ಸೆಕೆಂಡಿಗೆ 50 ಸೈಕಲ್), 9 ಕಿಲೋ ಆಂಪ್. ಉಳಿ ಹಾಕಿದ್ರ ಎರಡೂ ಶೀಟ್ ನಡುವೆಯೇ ಬಿಚ್ಚಿ ಬರ್ತಾವ. ಕರೆಂಟ್ ಏರಿಸ್ಬೇಕೇನ್ರಿ?

ಉತ್ತರ:
ಬ್ಯಾಡ್ರಿ, ಮೊದಲು ಒತ್ತಡ ಏರಿಸಿ. 304ರ ವಿದ್ಯುತ್ ರೋಧ ಎಂಎಸ್‌ಗಿಂತ ಸುಮಾರು 5 ಪಟ್ಟು. ಶಾಖವೂ ಬೇಗ ಹರಿದು ಹೋಗುವುದಿಲ್ಲ. ಕಾಯ್ದಾಗಲೂ ಗಟ್ಟಿಯಾಗೇ ಇರುವುದರಿಂದ 3 ಬಾರ್‌ಗೆ, ಅಂದರೆ ಸುಮಾರು 240 ಕೆಜಿಗೆ, ಶೀಟ್‌ಗಳು ಸರಿಯಾಗಿ ಕೂಡುವುದಿಲ್ಲ. ಕರಗಿದ ಲೋಹ ಸಂದಿಯಿಂದ ಚಿಮ್ಮುತ್ತದೆ. ನೀವು ನೋಡುತ್ತಿರುವ ಕಿಡಿ ಅದೇ; ಸ್ಪಾಟ್‌ನ ಒಳಗಿರಬೇಕಾದ ಲೋಹ ಹೊರಗೆ ಹೋಗುತ್ತಿದೆ.

ಗಾಳಿ 5 ಬಾರ್ ಮಾಡಿ, 400 ಕೆಜಿ ಸಿಗುತ್ತದೆ. ಸ್ಕ್ವೀಜ್ (ಕರೆಂಟಿಗೆ ಮೊದಲು ಒತ್ತುವ ಹೊತ್ತು) 25 ಸೈಕಲ್, ವೆಲ್ಡ್ (ಕರೆಂಟ್ ಹರಿಯುವ ಹೊತ್ತು) 6, ಹೋಲ್ಡ್ (ಕರೆಂಟ್ ನಿಂತ ಮೇಲೂ ಒತ್ತಿ ಹಿಡಿಯುವ ಹೊತ್ತು) 10. ಟಿಪ್‌ನ (ಶೀಟನ್ನು ಒತ್ತಿ ಕರೆಂಟ್ ಹರಿಸುವ ತುದಿ) ಮುಖ 5 ಎಂಎಂ, ಕ್ರೋಮಿಯಂ-ಜಿರ್ಕೋನಿಯಂ ತಾಮ್ರದ್ದು. ಕರೆಂಟ್ 6 ಕಿಲೋ ಆಂಪ್‌ನಿಂದ ಶುರು ಮಾಡಿ 300 ಆಂಪ್‌ನಂತೆ ಏರಿಸಿ. ಕಿಡಿ ಕಂಡ ಕೂಡಲೇ ಒಂದು ಹೆಜ್ಜೆ ಹಿಂದೆ ಬನ್ನಿ. ಒತ್ತಡ ಏರಿದಾಗ ಶೀಟ್‌ಗಳ ನಡುವಿನ ರೋಧ ಇಳಿಯುತ್ತದೆ, ಹಾಗಾಗಿ ಮೊದಲ ಸ್ಪಾಟ್‌ಗಳು ತಣ್ಣಗೆ ಕಾಣಬಹುದು. ಅದಕ್ಕೆ ಹೆದರಿ ಗಾಳಿ ಇಳಿಸಬೇಡಿ.

ಶೀಟಿನ ಪ್ಲಾಸ್ಟಿಕ್ ಪದರ ಎರಡೂ ಕಡೆ ಪೂರ್ತಿ ಸುಲಿದಿರಬೇಕು. ಸ್ಪಾಟ್‌ಗಳ ನಡುವೆ 20 ಎಂಎಂ ಬಿಡಿ, ಇಲ್ಲದಿದ್ದರೆ ಕರೆಂಟ್ ಹಳೆಯ ಸ್ಪಾಟ್‌ನಲ್ಲೇ ಹರಿದು ಹೋಗುತ್ತದೆ.

ಪರೀಕ್ಷೆಗೆ ಎರಡು ಪಟ್ಟಿ ಬೆಸೆದು, ಒಂದನ್ನು ವೈಸ್‌ಗೆ ಕಚ್ಚಿಸಿ ಇನ್ನೊಂದನ್ನು ಸುರುಳಿಯಾಗಿ ಸುಲಿಯಿರಿ. ಒಂದು ಶೀಟ್‌ನಲ್ಲಿ ತೂತು, ಇನ್ನೊಂದರಲ್ಲಿ ಅಂಗಿ ಗುಂಡಿಯಂಥ ಉಬ್ಬು ಉಳಿಯಬೇಕು. ಉಬ್ಬು 5 ಎಂಎಂ ಇದ್ದರೆ ಚೆನ್ನ, 4ಕ್ಕಿಂತ ಕಡಿಮೆ ಬಂದರೆ ಒಪ್ಪಬೇಡಿ.

ಪ್ರಶ್ನೆ:
5 ಬಾರ್, 7.2 ಕಿಲೋ ಆಂಪ್‌ಗೆ ಗುಂಡಿ ಬಂತ್ರಿ, 5 ಎಂಎಂ ಅದ. ಆದ್ರ ಮುಂಜಾನಿ ಗಟ್ಟಿ ಬರೋದು ಮಧ್ಯಾಹ್ನ ಸಡಿಲ ಆಗ್ಲತ್ತದ.

ಉತ್ತರ:
ಟಿಪ್ ಅಳೆಯಿರಿ. ಕಾರ್ಬನ್ ಪೇಪರ್ ಇಟ್ಟು ಕರೆಂಟ್ ಇಲ್ಲದೆ ಒಮ್ಮೆ ಒತ್ತಿದರೆ ಮುಖದ ಅಚ್ಚು ಬೀಳುತ್ತದೆ. 5 ಇದ್ದದ್ದು 7 ಎಂಎಂ ಆಗಿದ್ದರೆ ವಿಸ್ತೀರ್ಣ ಎರಡು ಪಟ್ಟು, ಕರೆಂಟಿನ ಸಾಂದ್ರತೆ ಅರ್ಧ. ಅರದಿಂದ ಉಜ್ಜಿದರೆ ಮುಖ ಓರೆಯಾಗುತ್ತದೆ, ಡ್ರೆಸ್ಸರ್ (ಟಿಪ್ ಮುಖ ಸಮ ಮಾಡುವ ಕಟರ್) ಬಳಸಿ.

ಟಿಪ್ ಬೇಗ ಹರಡುತ್ತಿದ್ದರೆ ತಂಪು ನೀರಿನ ದಾರಿ ನೋಡಿ. ಸುಣ್ಣಕಲ್ಲಿನ ನೆಲದ ಬೋರ್ ನೀರು ಗಡಸು, ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಒಂದೊಂದು ಟಿಪ್‌ಗೂ ನಿಮಿಷಕ್ಕೆ 4 ಲೀಟರ್ ಹರಿಯುತ್ತದೆಯೇ ಎಂದು ಬಕೆಟ್ ಇಟ್ಟು ಅಳೆಯಿರಿ.

ವೋಲ್ಟೇಜನ್ನೂ ವೆಲ್ಡ್ ಹೊಡೆಯುವಾಗಲೇ ನೋಡಿ. ಸಾದಾ ಎಸಿ ಮಷೀನಿನಲ್ಲಿ 415 ಇದ್ದದ್ದು 375ಕ್ಕೆ ಬಿದ್ದರೆ ಶಾಖ ಸುಮಾರು 18% ಕಡಿಮೆ. ಅಕ್ಕಪಕ್ಕದ ಮಿಲ್ ಮೋಟರ್‌ಗಳು ಓಡುವ ಹೊತ್ತಿನಲ್ಲಿ ಪಟ್ಟಿ ಸುಲಿದು ನೋಡಿ, ಆ ಹೊತ್ತಿಗೆ ಬರುವ ಗುಂಡಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.