ಹಳೇ ಮಾರುತಿ ಝೆನ್ ಕಾರಲ್ಲಿ ಸ್ಕ್ಯಾನರ್ ಸಾಕೆಟ್ ಎಲ್ಲಿರುತ್ತದೆ?

ಝೆನ್ 2001, ತುಮಕೂರು: ಚೆಕ್ ಎಂಜಿನ್ ದೀಪ ಆರುತ್ತಿಲ್ಲ. ದೋಷದ ಕೋಡ್ ಓದುವ ಬ್ಲೂಟೂತ್ ಸ್ಕ್ಯಾನರ್ ತಂದೆ. ಡ್ಯಾಶ್‌ಬೋರ್ಡ್ ಕೆಳಗೆ ಅದನ್ನು ಸಿಕ್ಕಿಸುವ 16 ಪಿನ್ ಸಾಕೆಟ್ ಕಾಣುತ್ತಿಲ್ಲ. ಗೊತ್ತಿದ್ದವರು ಹೇಳಿ.

ಎಸ್ಟೀಮ್, ಹಾಸನ: ನಾನು ಎರಡು ಭಾನುವಾರ ಹಾಳು ಮಾಡಿಕೊಂಡೆ ಸಾರ್. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಪೆಡಲ್ ಕೆಳಗೆ ತಲೆ ತೂರಿಸಿ ಹುಡುಕಿದೆ. ಸ್ಟೇರಿಂಗ್ ಕೆಳಗಿನ ಕವರ್ ಬಿಚ್ಚುವಾಗ ಮೂರು ಕ್ಲಿಪ್ ಮುರಿದವು, 120 ರೂಪಾಯಿ. ಕೊನೆಗೆ ಸಿಕ್ಕಿದ್ದು ಬಾನೆಟ್ ಒಳಗೆ, ಬ್ಯಾಟರಿ ಪಕ್ಕ. ಮಣ್ಣು ಮೆತ್ತಿದ ಪುಟ್ಟ ಪ್ಲಗ್. ಡಯಾಗ್ನಸಿಸ್ ವೈರನ್ನು ಗ್ರೌಂಡಿಗೆ ಸೇರಿಸಿ ಕೀ ಆನ್ ಮಾಡಿದೆ. ದೀಪ ಒಂದು ಸಲ ಮಿನುಗಿತು, ಬಿಟ್ಟು ಎರಡು ಸಲ. ಕೋಡ್ 12! ಕುಣಿದಾಡಿದೆ. ಆಮೇಲೆ ತಿಳಿಯಿತು, 12 ಅಂದರೆ ದೋಷ ಏನೂ ಇಲ್ಲ ಅಂತ.

ಹೋಂಡಾ ಸಿಟಿ, ಬೆಂಗಳೂರು: ನನ್ನದರಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಎರಡು ಪಿನ್ನಿನ ನೀಲಿ ಪ್ಲಗ್. ಇದು ಗೊತ್ತಾಗುವ ಮೊದಲೇ ಒಬ್ಬ ಮೆಕ್ಯಾನಿಕ್ ಆಕ್ಸಿಜನ್ ಸೆನ್ಸರ್ ಬದಲಿಸಿ 7,800 ಕಿತ್ತಿದ್ದ. ದೀಪ ಹಾಗೇ ಇತ್ತು. ನಾನೇ ಆ ಪ್ಲಗ್‌ಗೆ ಪೇಪರ್ ಕ್ಲಿಪ್ ಸಿಕ್ಕಿಸಿ ದೀಪ ಎಷ್ಟು ಸಲ ಮಿನುಗುತ್ತೆ ಅಂತ ಎಣಿಸಿದೆ. ಆರು ಸಲ. ಕೂಲೆಂಟ್ ಟೆಂಪರೇಚರ್ ಸೆನ್ಸರ್! 900 ರೂಪಾಯಿ ಮಾಲು. ಈಗಲೂ ಆ ಬಿಲ್ ಇಟ್ಟುಕೊಂಡಿದ್ದೇನೆ.

ಎಸ್ಟೀಮ್, ಹಾಸನ: ಪೇಪರ್ ಕ್ಲಿಪ್ ಅಂತ ಹೇಳಿಕೊಡಬೇಡಿ ಸ್ವಾಮಿ. ಪಕ್ಕದ ಪಿನ್ನಲ್ಲಿ ಕರೆಂಟ್ ಇದ್ದರೆ ಫ್ಯೂಸ್ ಢಮಾರ್.

ಹೋಂಡಾ ಸಿಟಿ, ಬೆಂಗಳೂರು: ಇರೋದೇ ಎರಡು ಪಿನ್ನು, ಪಕ್ಕದ್ದು ಎಲ್ಲಿಂದ ಬಂತು?

ಪೋಲೋ, ಮಂಗಳೂರು: 1996ರ ನಂತರದ ಎಲ್ಲ ಕಾರಿಗೂ 16 ಪಿನ್ ಕಡ್ಡಾಯ. ಸರಿಯಾಗಿ ಹುಡುಕಿ.

ಸ್ಯಾಂಟ್ರೋ, ಹುಬ್ಬಳ್ಳಿ: ಅದು ಅಮೆರಿಕದ ಕಾನೂನು ಯಜಮಾನ್ರೇ. ನಮ್ಮಲ್ಲಿ ಒಬಿಡಿ (ಕಾರು ತನ್ನ ದೋಷ ತಾನೇ ಗುರುತಿಸೋ ವ್ಯವಸ್ಥೆ) ಕಡ್ಡಾಯ ಆಗಿದ್ದು ಬಿಎಸ್4 ಹೊಗೆ ನಿಯಮ ಬಂದ 2010ರಿಂದೀಚೆ. ಇನ್ನು 16 ಪಿನ್ ಇದ್ದರೆ ತಾನೇ ಏನು? ನನ್ನದರಲ್ಲಿ ಇದೆ. 16ನೇ ಪಿನ್ನಿಗೆ ನೇರ ಬ್ಯಾಟರಿ ಕರೆಂಟ್ ಬರುತ್ತೆ, ಹಾಗಾಗಿ ಡಾಂಗಲ್ (ಸಾಕೆಟ್‌ಗೆ ಸಿಕ್ಕಿಸೋ ಪುಟ್ಟ ಸ್ಕ್ಯಾನರ್) ದೀಪ ಜುಮ್ ಅಂತ ಉರಿಯುತ್ತೆ. ಎಂಜಿನ್ ಕಂಪ್ಯೂಟರ್ ಇಸಿಎಂ ಮಾತ್ರ ತುಟಿ ಬಿಚ್ಚಲ್ಲ. ಅದರ ಭಾಷೆ ಬೇರೆ. 450, 1,100, ಮತ್ತೆ 2,300, ಮೂರು ಡಾಂಗಲ್ ಮನೆಯಲ್ಲಿ ಬಿದ್ದಿವೆ. ಒಂದನ್ನು ಹತ್ತು ದಿನ ಸಾಕೆಟ್‌ನಲ್ಲೇ ಮರೆತು ಬ್ಯಾಟರಿಯೂ ಮಲಗಿತು. ಅದಕ್ಕೆ 3,900.

ಪೋಲೋ, ಮಂಗಳೂರು: ಚೀಪ್ ಮಾಲು ತಗೊಂಡು ಕಾನೂನು ಹೇಳ್ತೀರಾ?

ಝೆನ್ 2001, ತುಮಕೂರು: ಬ್ಯಾಟರಿ ಪಕ್ಕ ಪ್ಲಗ್ ಸಿಕ್ಕಿತು, ಥ್ಯಾಂಕ್ಸ್. ಆದರೆ ಅದರ ಒಂದು ವೈರ್ ಇಲಿ ಕಡಿದಿದೆ.

ಹೋಂಡಾ ಸಿಟಿ, ಬೆಂಗಳೂರು: ಇಲಿಗೆ ಹೊಗೆಸೊಪ್ಪು ಕಟ್ಟಿ.

ಎಸ್ಟೀಮ್, ಹಾಸನ: ನಮ್ಮ ಇಲಿ ಹೊಗೆಸೊಪ್ಪಿನ ಗಂಟಿನ ಮೇಲೇ ಮರಿ ಹಾಕಿತ್ತು.