ಲಾನ್ ತುಂಬಾ ಜೇಕು, ಏನು ಮಾಡಲಿ?

ಪ್ರಶ್ನೆ (ಸಿಂಧನೂರು):
ನಮ್ಮದು ಎರೆ ಮಣ್ಣು. ಹೋದ ವರ್ಷ ಗರಿಕೆ ಲಾನ್ ಹಾಕಿಸಿದೆವು. ಈಗ ಅರ್ಧಕ್ಕರ್ಧ ಜೇಕು, ಹುಲ್ಲಿನಂತೆಯೇ ಕಾಣುವ ಕಳೆ. ನಲ್ಲಿ ಹತ್ತಿರ ಸದಾ ಹಸಿ ಇರುತ್ತದೆ, ಅಲ್ಲಿ ಇನ್ನೂ ಜಾಸ್ತಿ. ದಿನಾ ಸಂಜೆ ನೀರು ಬಿಡುತ್ತೇವೆ. ನೆಲಮಟ್ಟ ಕತ್ತರಿಸಿದರೂ ಹುಲ್ಲಿಗಿಂತ ಮೊದಲು ಅದೇ ತಲೆ ಎತ್ತುತ್ತದೆ. ಔಷಧಿ ಹೊಡೆಯಲಾ?

ಉತ್ತರ (ಕೊಪ್ಪಳ):
ಔಷಧಿ ಆಮೇಲೆ ನೋಡೋಣ ಅಕ್ಕ, ಮೊದಲು ನಲ್ಲಿ ಬಂದ್ ಮಾಡಿ. ದಿನಾ ನೀರು ಅಂದ್ರೆ ಜೇಕಿಗೆ ಹಬ್ಬ. ಎರೆ ಮಣ್ಣು ಬೇಗ ಆರುವುದಿಲ್ಲ. ಮೇಲ್ಮಣ್ಣು ಒಣಗಿದ ಮೇಲೆ ಆಳಕ್ಕೆ ಇಳಿಯುವಂತೆ ಬಿಡಿ, ಗರಿಕೆ ತಡೆದುಕೊಳ್ಳುತ್ತದೆ. ಕತ್ತರಿಸುವಾಗ ಎತ್ತರದ ಮೂರನೇ ಒಂದು ಭಾಗ ತೆಗೆದರೆ ಸಾಕು. ಬೋಳು ಮಾಡಿದರೆ ನೆಲಕ್ಕೆ ಬಿಸಿಲು ಬಿದ್ದು ಬೇರೆ ಕಳೆ ಬೀಜಗಳೂ ಮೊಳೆಯುತ್ತವೆ.

ಉತ್ತರ (ಗಂಗಾವತಿ):
ದಂಟನ್ನು ಬೆರಳಲ್ಲಿ ಹೊರಳಿಸಿ. ಮೂರು ಮೂಲೆ ತಾಗಿದರೆ ಜೇಕೇ. ಸುಮ್ನೆ ಜಗ್ಗಬೇಡಿ, ಎಲೆ ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಕುರ್ಪಿ ಆಳಕ್ಕೆ ಹಾಕಿ. ಅಂದಹಾಗೆ, ಲಾನ್ ಹಾಕಿಸುವಾಗ ಮಣ್ಣು ಎಲ್ಲಿಂದ ತರಿಸಿದಿರಿ?

ಸಿಂಧನೂರು:
ಕಾಲುವೆ ಪಕ್ಕದ ಗದ್ದೆಯದು.

ಗಂಗಾವತಿ:
ಹಾಗಾದರೆ ಗಡ್ಡೆ ಅದರ ಜೊತೆಗೇ ಬಂದಿರಬೇಕು. ಮುಂದೆ ತರಿಸಿದರೆ ಜರಡಿ ಹಿಡಿದು ಹಾಕಿಸಿ.